ಫೆಬ್ರವರಿಯ ಗೋವಿಂದಮ್ಮ

ಜರ್ಮನಿಯ ಯಾವುದೋ ಉಕ್ಕಿನ ಹಗ್ಗದ ಕಂಪನಿ
ಗಣಿಗೆ ಕಳಿಸಿದ ಕ್ಯಾಲೆಂಡರು.
ಹನ್ನೊಂದು ಹಾಳೆಯಲ್ಲಿ ಬರೀ ಗಾಲಿ, ರಾಟೆ, ಹುರಿ.
ಫೆಬ್ರವರಿಯಲ್ಲಿ ಮಾತ್ರ ಅವಳು:
ಎದೆಯ ಮೇಲೆ ಹದಿನೇಳು, ಮಂಡಿ ಬಾಗಿದೆ,
ಕಾಲಿಗೆರಡು ಉದ್ದನೆ ಹಲಗೆ,
ಬೆನ್ನ ಹಿಂದೆ ಎದ್ದ ಹಿಮದ ಪುಡಿ.
ಅಪ್ಪ ಮಾರ್ಚಿಗೆ ಹಾಳೆ ತಿರುವಲಿಲ್ಲ.
ಆಮೇಲೂ ಯಾರೂ ತಿರುವಲಿಲ್ಲ.

ಕೆಳಗೆ ಇರುವೆಸಾಲಿನಂಥ ಅಕ್ಷರ:
ಗೆರ್ಲಿಂಡೆ ಓಸ್ಟ್‌ಹೋಫರ್.
ಮಾರಿಕುಪ್ಪದ ಲೈನುಮನೆಗಳ ನಾಲಿಗೆಯಲ್ಲಿ
ಅದು ಎಷ್ಟು ದಿನ ತಡೆದೀತು?
ಗೆರ್ಲಿಂದ, ಗೋಲಿಂದ,
ಯುಗಾದಿ ಹೊತ್ತಿಗೆ ಗೋವಿಂದಮ್ಮ.
ಅಜ್ಜಿ ಒಂದು ಶುಕ್ರವಾರ ಕುಂಕುಮ ಇಟ್ಟೇಬಿಟ್ಟಳು,
ಹಣೆ ಕಾಣದೆ, ಕನ್ನಡಕದ ಮೇಲೆ.

ನಮ್ಮಲ್ಲಿ ಹಿಮವಿರಲಿಲ್ಲ. ಸೈನೈಡ್ ದಿಬ್ಬವಿತ್ತು.
ಚಿನ್ನ ಹೀರಿಕೊಂಡು ಉಗಿದ ಮಣ್ಣು,
ಮುತ್ತಜ್ಜನ ಕಾಲದಿಂದ ಒಟ್ಟಿದ್ದು.
ಬೆಳದಿಂಗಳಲ್ಲಿ ನೋಡಬೇಕು, ಥೇಟ್ ಆ ಫೋಟೋ.
ಎಣ್ಣೆಡಬ್ಬ ಬಿಚ್ಚಿ ಬಡಿದ ತಗಡು,
ನನ್ನ ಲಂಗದ ಮೇಲೆ ಇದ್ದಿಲಿನ ಹದಿನೇಳು.
ಸಗಾಯಮೇರಿಗೂ ಹದಿನೇಳೇ ಬೇಕು,
ಜ್ಞಾನಶೇಖರನಿಗೂ.
ಒಂದು ಸಂಜೆ ಎಂಟು ಜನ ಗೋವಿಂದಮ್ಮಂದಿರು
ಒಬ್ಬರ ಮೇಲೊಬ್ಬರು ಉರುಳಿ
ಬಾಯಿ ತುಂಬ ಧೂಳು ತುಂಬಿಕೊಂಡು
ಗೆದ್ದವರು ಯಾರೆಂದು ಹೊಡೆದಾಡಿದೆವು.
ಗಡಿಯಾರ ಯಾರಲ್ಲಿತ್ತು?

ಅಪ್ಪ, ವೈಂಡಿಂಗ್ ಡ್ರೈವರ್ ಅಬ್ಬಯ್ಯ.
ಪಾಳಿಗೆ ನೂರಾರು ಜನರನ್ನು
ಬೆಳಕಿನಿಂದ ಕತ್ತಲಿಗೆ ಹಗ್ಗದಲ್ಲಿ ಇಳಿಸಿ
ಮತ್ತೆ ಎತ್ತಿಕೊಡುವ ಕೆಲಸ.
ಅವರಿಗೆ ಕೈತಟ್ಟಲು ಯಾರೂ ಕಾದಿರುತ್ತಿರಲಿಲ್ಲ,
ಲೆಕ್ಕ ಬರೆಯುವವನೊಬ್ಬನ ಹೊರತು.
ಅಪ್ಪ ನನ್ನನ್ನು ಬೈಯಲಿಲ್ಲ.
ತರಚಿದ ಮಂಡಿಗೆ ಅರಿಶಿನ ಮೆತ್ತುತ್ತ
ಕ್ಯಾಲೆಂಡರಿನ ಕಡೆ ಗದ್ದ ಎತ್ತಿ ಹೇಳಿದ:
"ಇಳಿಯೋದು ಕಲ್ಲೂ ಇಳಿಯುತ್ತೆ.
ಆಯಮ್ಮ ನಿಲ್ಲೋದು ನೋಡು."
ಫೋಟೋದಲ್ಲಿ ಅವಳು ನಿಂತಿರಲಿಲ್ಲ.
ಅಪ್ಪನಿಗೆ ಮಾತ್ರ ಕಾಣುತ್ತಿತ್ತು.

ಗಣಿ ಮುಚ್ಚಿತು. ಸೈರನ್ನಿಲ್ಲದ ಬೆಳಗುಗಳಿಗೆ
ಒಗ್ಗಿಕೊಳ್ಳುವ ಮೊದಲೇ ಅಪ್ಪ ಹೋದ.
ಮೇರಿ ನರ್ಸಾಗಿ ಸೇರಿದ್ದು ಆ ದೇಶವನ್ನೇ,
ಬೆಟ್ಟದ ಬುಡದ ಒಂದು ಆಸ್ಪತ್ರೆ.
ಹೋದ ಜನವರಿ, ರಾತ್ರಿ ಹನ್ನೊಂದಕ್ಕೆ ಫೋನು:
"ಲೇ, ಗೋವಿಂದಮ್ಮ ಬಂದವ್ಳೆ, ನಮ್ಮ ವಾರ್ಡಿಗೇ!
ಬಲಮಂಡಿ. ನಾಲ್ಕನೇ ಆಪರೇಷನ್ನು."

ಗೆದ್ದದ್ದು ಒಂಬತ್ತು ಸಲವಂತೆ.
ದೊಡ್ಡ ಪದಕ ಮಾತ್ರ
ಸೆಕೆಂಡನ್ನು ನೂರು ಚೂರು ಮಾಡಿ, ಅದರಲ್ಲಿ ಏಳು ಚೂರಿಗೆ ತಪ್ಪಿತಂತೆ.
ಫೆಬ್ರವರಿಗೆಷ್ಟು ದಿನವೋ ಅಷ್ಟೇ ವಯಸ್ಸಿಗೆ
ಹಲಗೆ ಕಳಚಿಟ್ಟಳು.
ಈಗ ಎಪ್ಪತ್ತು ದಾಟಿದೆ. ಆದರೂ
ಅಡುಗೆಯವನು ಏಪ್ರನ್ ಬಿಚ್ಚಿ ಸಹಿ ಕೇಳಿದ,
ನೆಲ ಒರೆಸುವವಳು ತೀರಿಹೋದ ತಾಯಿಯ ಹೆಸರಿಗೊಂದು,
ಆ ಓಟದ ಕಾಲಕ್ಕೆ ಹುಟ್ಟಿಯೇ ಇರದ ಹುಡುಗರು
ಬಾಗಿಲಲ್ಲಿ ನಿಂತು ಸುಮ್ಮನೆ ನೋಡಿ ಹೋದರು.
ಯಾಕಿಷ್ಟು ಅಂತ ಮೇರಿ ಕೇಳಿದ್ದಕ್ಕೆ ಮುದಿ ಡಾಕ್ಟರು:
ಆ ಏಳು ಚೂರಿನ ದಿನ, ಗೆದ್ದ ಹುಡುಗಿಯನ್ನು
ಅವಳೇ ಹೆಗಲ ಮೇಲೆ ಕೂರಿಸಿಕೊಂಡಳಲ್ಲ.

ಮೇರಿ ನಮ್ಮ ದಿಬ್ಬದ ಕತೆ ಹೇಳಿದಳು.
ಗೋವಿಂದಮ್ಮ ಹೊಲಿಗೆ ನೋಯುವಷ್ಟು ನಕ್ಕಳು.
ಹಿಮ ಯಾವಾಗ ಬೀಳುತ್ತೆ ನಿಮ್ಮಲ್ಲಿ?
ಬೀಳಲ್ಲ. ಕರಗೋದೂ ಇಲ್ಲ.
ಆಮೇಲೆ ಏನಂಥ ಮಣ್ಣು ಅಂತ ತಿಳಿದ ಮೇಲೆ
ಸ್ವಲ್ಪ ಹೊತ್ತು ಕಿಟಕಿ ನೋಡಿ ಕೇಳಿದಳಂತೆ:
ಮಕ್ಕಳು ಕೆಮ್ಮುತ್ತಿದ್ದರಾ?

ಇಷ್ಟು ವರ್ಷ
ಅದನ್ನು ನಮ್ಮನ್ನು ಯಾರೂ ಕೇಳಿರಲಿಲ್ಲ.
ಜ್ಞಾನಶೇಖರನ ವಿಷಯ ಮೇರಿ ಹೇಳಿದಳೋ ಇಲ್ಲವೋ,
ನಾನೂ ಕೇಳಲಿಲ್ಲ.

ಆಂಡರ್ಸನ್‌ಪೇಟೆಯ ನನ್ನ ಟೈಲರ್ ಅಂಗಡಿಯಲ್ಲಿ
ಇನ್ನೂ ಫೆಬ್ರವರಿ. ಗಾಜು ಹಾಕಿಸಿದ್ದೇನೆ.
ಗಾಳಿಕಾಲದಲ್ಲಿ ದಿಬ್ಬದ ಪುಡಿ ಗಾಜಿನ ಮೇಲೂ ಕೂರುತ್ತದೆ,
ಒರೆಸಿದಷ್ಟೂ.
ಲಂಗದ ಅಳತೆಗೆ ಬಂದ ಹುಡುಗಿ ಕೇಳುತ್ತಾಳೆ:
ಯಾರಾಂಟಿ ಇದು?
ನಮ್ಮೂರೋಳು, ಎನ್ನುತ್ತೇನೆ,
ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ.

ಮಂಡಿ ನನಗೂ ಹಿಡಿದಿದೆ.
ಪೆಡಲು ತುಳಿದು ಅಂಚಿನವರೆಗೂ ಬಿಡುತ್ತೇನೆ ಓಡಲು,
ಕೊನೆಯ ಹೊಲಿಗೆಗೆ
ಚಕ್ರಕ್ಕೆ ಅಂಗೈ ಕೊಡುತ್ತೇನೆ.
ಸೂಜಿ ಬಟ್ಟೆಯೊಳಗೇ ನಿಲ್ಲುತ್ತದೆ.